ಪೈಪ್ ಘಮಘಮ, ಬಾಯಿಗೆ ಸಪ್ಪೆ; ಸಿಗಾರ್ ತಲೆ ತಿರುಗಿಸುತ್ತದೆ. ಯಾಕೆ ಹೀಗೆ?

ಬೀದರ್‌ನ ಓದುಗರೊಬ್ಬರ ಪ್ರಶ್ನೆ: "ಮಸ್ಕತ್‌ನಲ್ಲಿರುವ ನಮ್ಮ ಭಾವ ರಜೆಗೆ ಬಂದಾಗ ಹತ್ತು ಸಿಗಾರ್ ಇರುವ ಮರದ ಪೆಟ್ಟಿಗೆ, ಒಂದು ಪೈಪ್, ವೆನಿಲ್ಲಾ ತಂಬಾಕಿನ ಪೊಟ್ಟಣ ತಂದುಕೊಟ್ಟರು. ನನಗೆ 36 ವರ್ಷ. ಕಾಲೇಜಿನಲ್ಲಿ ಸಿಗರೇಟ್ ಸೇದಿ ಬಿಟ್ಟವನು. ಮೇ ತಿಂಗಳಲ್ಲಿ ಒಂದು ಸಂಜೆ, ಊಟಕ್ಕೆ ಮುಂಚೆ, ಮಾಳಿಗೆ ಮೇಲೆ ಕೂತು ಒಂದು ಸಿಗಾರ್ ಹಚ್ಚಿದೆ. ಹೊಗೆ ಒಳಗೆ ಎಳೆಯಲೇ ಇಲ್ಲ. ಶುರುವಿನಲ್ಲಿ ಚೆನ್ನಾಗಿತ್ತು, ಕಾಫಿ ಥರ, ಹುರಿದ ಶೇಂಗಾ ಥರ. ಅರ್ಧ ದಾಟಿದ ಮೇಲೆ ಬರೀ ಕಹಿ. ಆಮೇಲೆ ಬೆವರು, ತಲೆಸುತ್ತು, ವಾಂತಿ. ಮುಂದಿನ ವಾರ ಪೈಪ್ ಹಚ್ಚಿದೆ. ಮನೆಯವಳು 'ಐಸ್‌ಕ್ರೀಂ ವಾಸನೆ ಬರ್ತಿದೆ' ಅಂದಳು. ನನ್ನ ಬಾಯಿಗೆ ಮಾತ್ರ ಬಿಸಿ ಗಾಳಿ, ಎರಡು ದಿನ ನಾಲಿಗೆ ತುದಿ ಉರಿ. ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಿಗಾರನ್ನು ಕೋಕೋ, ಬ್ರಾಂಡಿಯಲ್ಲಿ ಅದ್ದಿರುತ್ತಾರಂತೆ. ಕಪ್ಪಿದ್ದಷ್ಟೂ ಖಡಕ್ ಅಂತೆ. ಒಣಗಿದರೆ ನೀರು ಚಿಮುಕಿಸಬೇಕಂತೆ. ಒಳಗೆ ಎಳೆಯದಿದ್ದರೆ ಏನೂ ಆಗಲ್ಲವಂತೆ. ಅಜ್ಜನ ಬಿದ್ರಿ ಗುಡಗುಡಿ ಮನೆಯಲ್ಲಿದೆ, ಅದರ ನೀರು ಹೊಗೆಯನ್ನು ಶುದ್ಧ ಮಾಡುತ್ತದೆ ಅಂತಲೂ ಹೇಳುತ್ತಾರೆ. ಎರಡರ ರುಚಿ ಇಷ್ಟು ಬೇರೆ ಯಾಕೆ? ನಾನು ಯಾವುದನ್ನು ಇಟ್ಟುಕೊಳ್ಳಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ಮೇಲುಮೇಲಕ್ಕೆ ಕಾಣುವುದು ರುಚಿಯ ಪ್ರಶ್ನೆ. ಒಳಗಿರುವುದು ಹೆದರಿಕೆ: ಹೊಗೆ ನುಂಗಲೇ ಇಲ್ಲ, ಆದರೂ ವಾಂತಿ ಯಾಕಾಯಿತು ಅನ್ನುವುದು. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. 27 ವರ್ಷ ತಂಬಾಕು ಎಲೆ ಗ್ರೇಡಿಂಗ್ ಮಾಡಿದವನು. ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಗಳಲ್ಲಿ, ಆಮೇಲೆ ಆಂಧ್ರದ ಗೋದಾಮುಗಳಲ್ಲಿ, ಬೇಲ್ ಬಿಚ್ಚಿ, ಒಂದು ಹಿಡಿ ಎಲೆ ಮುರುಟಿ, ಮೂಗಿಗೆ ಹಿಡಿದು, ಇದು ಇಷ್ಟಕ್ಕೆ ಹೋಗುತ್ತದೆ ಅಂತ ಹೇಳುವ ಕೆಲಸ. ಈಗ ಕಲಬುರಗಿಯಲ್ಲಿ ಮನೆ. ಇಲ್ಲಿ ತೊಗರಿ ಬಗ್ಗೆ ಕೇಳಿದರೆ ಹತ್ತು ಜನ ಹೇಳುತ್ತಾರೆ, ತಂಬಾಕಿನ ಬಗ್ಗೆ ಕೇಳುವವರು ಕಡಿಮೆ, ಹಾಗಾಗಿ ನಿಮ್ಮ ಪತ್ರ ನೋಡಿ ಸ್ವಲ್ಪ ಖುಷಿಯೂ ಆಯಿತು ಅನ್ನಿ.

ನಮ್ಮ ಕಡೆ ತಂಬಾಕು ತಿನ್ನುವವರನ್ನು ನೋಡಿದ್ದೀರಲ್ಲ? ಅಂಗೈಯಲ್ಲಿ ಒಂದು ಚಿಟಿಕೆ ಪುಡಿ, ಉಗುರಿನ ತುದಿಯಲ್ಲಿ ಸುಣ್ಣ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಎರಡು ಸಲ ತಟ್ಟಿ ತುಟಿಯೊಳಗೆ. ಸುಣ್ಣ ಯಾಕೆ ಅಂತ ಕೇಳಿದರೆ "ಸುಣ್ಣ ಇಲ್ಲದಿದ್ರೆ ಏರಲ್ಲ" ಅನ್ನುತ್ತಾರೆ. ಅದು ಸರಿಯಾದ ರಸಾಯನಶಾಸ್ತ್ರ. ಸುಣ್ಣ ಕ್ಷಾರ. ಕ್ಷಾರ ಸಿಕ್ಕ ಕೂಡಲೇ ನಿಕೋಟಿನ್ ಬಿಡಿಯಾಗುತ್ತದೆ, ಬಿಡಿಯಾದ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಸುಣ್ಣ ಇಲ್ಲದೆ ಹುಳಿ ಗುಣ ಉಳಿದರೆ ಅದು ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಸಿಗಾರಿನ ಹೊಗೆಯಲ್ಲಿ ಈ ಸುಣ್ಣದ ಗುಣ ಹುಟ್ಟಿನಿಂದಲೇ ಇರುತ್ತದೆ. ಪೈಪ್ ತಂಬಾಕಿನಲ್ಲಿ ಬಹಳ ಸಲ ಇರುವುದು ಅದರ ಉಲ್ಟಾ: ಸಕ್ಕರೆ. ನೀವು ಕೇಳಿದ ರುಚಿಯ ವ್ಯತ್ಯಾಸದ ಮುಕ್ಕಾಲು ಭಾಗ ಇಲ್ಲೇ ಇದೆ.

ಮೈಸೂರು ಕಡೆ ಬೆಳೆಯುವ ವರ್ಜೀನಿಯಾ ಎಲೆಯನ್ನೇ ತೆಗೆದುಕೊಳ್ಳಿ. ಹಸಿ ಎಲೆಯನ್ನು ಕೋಲಿಗೆ ಕಟ್ಟಿ ಬ್ಯಾರನ್ ಅನ್ನುವ ಮನೆಯೊಳಗೆ ತೂಗುಹಾಕುತ್ತಾರೆ, ಹೊರಗಿನಿಂದ ಬೆಂಕಿ ಹಾಕಿ ಕೊಳವೆಯಲ್ಲಿ ಬಿಸಿ ಹರಿಸುತ್ತಾರೆ. ಹೊಗೆ ಎಲೆಗೆ ತಾಗಬಾರದು, ಬರೀ ಶಾಖ. ಸುಮಾರು ಒಂದು ವಾರದ ಕೆಲಸ. ಎಲೆ ಮೊದಲು ಹಳದಿಗೆ ತಿರುಗುತ್ತದೆ, ಆ ಹೊತ್ತಿಗೆ ಅದರೊಳಗಿನ ಪಿಷ್ಟ ಸಕ್ಕರೆಯಾಗಿರುತ್ತದೆ. ಅಲ್ಲಿಗೇ ಶಾಖ ಏರಿಸಿ ಒಣಗಿಸಿಬಿಡುತ್ತಾರೆ, ಸಕ್ಕರೆ ಎಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಳ್ಳೆ ಎಲೆಯ ನೂರು ಗ್ರಾಂನಲ್ಲಿ 15-20 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ಬೇಲ್ ಬಿಚ್ಚಿದರೆ ಒಣ ಹುಲ್ಲು, ಬ್ರೆಡ್ಡು, ಸ್ವಲ್ಪ ಜೇನಿನ ವಾಸನೆ. ಸಕ್ಕರೆ ಸುಟ್ಟಾಗ ಹೊಗೆ ಹುಳಿ ಗುಣಕ್ಕೆ ತಿರುಗುತ್ತದೆ.

ಸಿಗಾರ್ ಎಲೆಗೆ ಅವಸರ ಇಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ಸುಮ್ನೆ ತೂಗಾಡುತ್ತದೆ. ಎಲೆ ಬೇಗ ಸಾಯುವುದಿಲ್ಲ, ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಆಮೇಲೆ ಅದನ್ನು ಸ್ವಲ್ಪ ಒದ್ದೆ ಮಾಡಿ ಆಳೆತ್ತರಕ್ಕೆ ರಾಶಿ ಹಾಕುತ್ತಾರೆ. ಹಸಿ ಮೇವಿನ ಬಣವೆಯೊಳಗೆ ಕೈ ಹಾಕಿದ್ದೀರಾ? ಮೇಲೆ ತಣ್ಣಗಿದ್ದರೂ ಒಳಗೆ ಕೈ ಸುಡುತ್ತದೆ ಅಲ್ವಾ, ಅದೇ ಇಲ್ಲೂ ಆಗುತ್ತದೆ. ರಾಶಿ ತಾನಾಗಿಯೇ ಕಾಯುತ್ತದೆ. ತುಂಬ ಕಾದರೆ ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕಿ ಮತ್ತೆ ಕಟ್ಟಬೇಕು. ತಿಂಗಳುಗಟ್ಟಲೆ ಇದೇ. ಆಗ ಎಲೆಯಿಂದ ಅಮೋನಿಯಾ ಹೊರಡುತ್ತದೆ. ಮೊದಲ ಸಲ ಅಂಥ ಗೋದಾಮಿನೊಳಗೆ ಕಾಲಿಟ್ಟಾಗ, ಕುದುರೆ ಲಾಯಕ್ಕೆ ಬಂದೆನಾ ಅನ್ನಿಸಿ, ಕಣ್ಣಲ್ಲಿ ನೀರು ಬಂದು ಹೊರಗೆ ಓಡಿದ್ದೆ. ಇಷ್ಟೆಲ್ಲ ಆದ ಮೇಲೆ ಎಲೆಯಲ್ಲಿ ಸಕ್ಕರೆ ಹೆಚ್ಚುಕಡಿಮೆ ಸೊನ್ನೆ. ಹೊಗೆ ಕ್ಷಾರ.

ಹಾಗಾದರೆ ನೀವು ಹೇಳಿದ ಕಾಫಿ, ಶೇಂಗಾ ಎಲ್ಲಿಂದ ಬಂತು? ಯಾರೂ ಅದ್ದಿಲ್ಲ. ಎಲೆಯ ಪ್ರೋಟೀನು ಒಡೆದು ಉಳಿದ ಚೂರುಗಳು ಶಾಖದಲ್ಲಿ ಅಳಿದುಳಿದ ಸಕ್ಕರೆ ಜೊತೆ ಸೇರಿದಾಗ ಪೈರಜೀನ್ ಅನ್ನುವ ವಸ್ತುಗಳು ಹುಟ್ಟುತ್ತವೆ. ಕಾಫಿ ಬೀಜ ಹುರಿದಾಗ, ಬಾಣಲೆಯಲ್ಲಿ ಶೇಂಗಾ ಹುರಿದಾಗ ಬರುವ ಘಮದಲ್ಲೂ ಅವೇ ಇರುತ್ತವೆ. ನಿಮ್ಮ ಮೂಗು ಸುಳ್ಳು ಹೇಳಿಲ್ಲ, ಶಹಬ್ಬಾಸ್. ಅದ್ದಿದ ಸಿಗಾರ್ ಇಲ್ಲವೇ ಇಲ್ಲ ಅಂತಲ್ಲ, ವೆನಿಲ್ಲಾ, ರಮ್ ಹಾಕಿದವು ಬರುತ್ತವೆ, ಆದರೆ ಅವುಗಳ ಡಬ್ಬಿ ಮೇಲೆ ಅದನ್ನೇ ದೊಡ್ಡದಾಗಿ ಬರೆದು ಮಾರುತ್ತಾರೆ.

ಬಣ್ಣದ ಮಾತು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಹೋಳಿಗೆಯ ಕಣಕ ನೋಡಿ ಹೂರಣ ಹೇಳುವುದಕ್ಕೆ ಆಗಲ್ಲ. ಹೊರಗಿನ ಕಪ್ಪು ಎಲೆ ಜಾಸ್ತಿ ಕಾಲ, ಜಾಸ್ತಿ ಶಾಖದಲ್ಲಿ ಹದವಾದದ್ದು, ಬಹಳ ಸಲ ರುಚಿ ಸ್ವಲ್ಪ ಸಿಹಿಯ ಕಡೆಗೇ ಇರುತ್ತದೆ. ಖಡಕ್‌ತನ ಬರುವುದು ಒಳಗೆ ತುಂಬಿದ, ಗಿಡದ ತುದಿಯಲ್ಲಿ ಬಿಸಿಲು ಕುಡಿದು ದಪ್ಪಗಾದ ಎಲೆಯಿಂದ. ಅದಕ್ಕೆ ಲಿಗೆರೋ ಅನ್ನುತ್ತಾರೆ.

ಇನ್ನು ಪೈಪ್. ಇಲ್ಲಿ ಎಲೆಗಿಂತ ಅಡುಗೆ ದೊಡ್ಡದು. ಸಿಹಿ ವರ್ಜೀನಿಯಾ ಒಂದು ಕಡೆ. ಇನ್ನೊಂದು ಕಡೆ ಬರ್ಲಿ, ಇದು ಗಾಳಿಯಲ್ಲಿ ಒಣಗಿದ್ದು, ಸಕ್ಕರೆ ಇಲ್ಲ, ಸ್ಪಂಜಿನ ಥರ, ಏನು ಕುಡಿಸಿದರೂ ಕುಡಿಯುತ್ತದೆ. ಅದಕ್ಕೆ ಮೊದಲು ಸಕ್ಕರೆ, ಜೇಷ್ಠಮಧು, ಕೋಕೋ ಕುಡಿಸಿ ಬಾಡಿಸುತ್ತಾರೆ, ಕೊನೆಗೆ ಮೇಲಿಂದ ವೆನಿಲ್ಲಾ, ಚೆರ್ರಿ, ರಮ್ಮು ಸಿಂಪಡಿಸುತ್ತಾರೆ. ಮೊದಲನೆಯದು ಉಪ್ಪಿನಕಾಯಿಯ ಹೋಳುಗಳಿಗೆ ಉಪ್ಪು ಹಿಡಿಸಿದ ಹಾಗೆ, ಎರಡನೆಯದು ಬರೀ ಒಗ್ಗರಣೆ. ನಿಮ್ಮ ಪೊಟ್ಟಣದಲ್ಲಿದ್ದದ್ದು ಒಗ್ಗರಣೆ ಜಾಸ್ತಿಯಾದ ಸಾರು. ಒಗ್ಗರಣೆಯ ಘಮ ಬೀದಿಗೆಲ್ಲ ಹೋಗುತ್ತದೆ, ತಟ್ಟೆಯಲ್ಲಿ ಅಷ್ಟು ಉಳಿಯುವುದಿಲ್ಲ. ಪೈಪಿನ ಬಟ್ಟಲಲ್ಲಿ ಕೆಂಡ ಕೆಳಗಿಳಿಯುವ ಮುಂಚೆಯೇ ಅದರ ಶಾಖಕ್ಕೆ ವೆನಿಲ್ಲಾ ಹಾರಿ ಮೇಲೆ ಹೋಗುತ್ತದೆ. ಅದು ನಿಮ್ಮ ಮನೆಯವರ ಪಾಲು. ಕೊಳವೆಯಲ್ಲಿ ನಿಮ್ಮ ಪಾಲಿಗೆ ಬರುವುದು ಸುಟ್ಟ ಎಲೆ, ಆವಿ, ಒಂದಿಷ್ಟು ಸಿಹಿಯ ನೆನಪು.

ಇದಕ್ಕೆ ಇನ್ನೊಂದು ಕಾರಣ ಮೂಗು. ಒಂದು ಏಲಕ್ಕಿ ತಗೊಳ್ಳಿ, ಮೂಗು ಗಟ್ಟಿಯಾಗಿ ಹಿಡಿದುಕೊಂಡು ಅಗಿಯಿರಿ. ಸ್ವಲ್ಪ ಖಾರ, ಸ್ವಲ್ಪ ತಂಪು, ಅಷ್ಟೇ. ಈಗ ಮೂಗು ಬಿಡಿ. ಏಲಕ್ಕಿ ಆಗಲೇ 'ಬಂತು' ಅಲ್ವಾ? ರುಚಿ ಅಂತ ನಾವು ಅನ್ನುವುದರಲ್ಲಿ ಬಹುಪಾಲು ಬಾಯಿಯ ಹಿಂದಿನಿಂದ ಮೂಗಿಗೆ ಹತ್ತುವ ವಾಸನೆ. ಪೈಪ್, ಸಿಗಾರ್ ಎರಡರಲ್ಲೂ ಪಳಗಿದವರು ಬಾಯಲ್ಲಿರುವ ಹೊಗೆಯಲ್ಲಿ ಒಂದು ಚೂರನ್ನು ಮೂಗಿನಿಂದ ಬಿಡುತ್ತಾರೆ, ಆಗಲೇ ಅವರಿಗೆ ಮೆಣಸು, ಚರ್ಮ, ದೇವದಾರು ಅಂತೆಲ್ಲ ಸಿಗುವುದು. ಮೇಲಾಗಿ ಅದೇ ವಾಸನೆಯಲ್ಲಿ ಹತ್ತು ನಿಮಿಷ ಕೂತರೆ ಮೂಗು ಅದನ್ನು ಮರೆತುಬಿಡುತ್ತದೆ, ಮಲ್ಲಿಗೆ ಕಟ್ಟುವವರಿಗೆ ಮಲ್ಲಿಗೆ ಗೊತ್ತಾಗದ ಹಾಗೆ.

ಪೈಪ್ ಅಂದರೆ ಬರೀ ವೆನಿಲ್ಲಾ ಅಂತ ತಿಳಿಯಬೇಡಿ. ಸೈಪ್ರಸ್‌ನ ಲಟಾಕಿಯಾ ಅಂತ ಒಂದು ಎಲೆ ಇದೆ, ಮೊದಲು ಸಿರಿಯಾದಿಂದ ಬರುತ್ತಿತ್ತು. ಅದನ್ನು ಸೌದೆ, ಗಿಡಗಂಟಿ ಸುಟ್ಟ ಹೊಗೆಯಲ್ಲಿ ತಿಂಗಳುಗಟ್ಟಲೆ ತೂಗುಹಾಕುತ್ತಾರೆ. ಡಬ್ಬಿ ತೆಗೆದರೆ ನಮ್ಮ ಹಳ್ಳಿ ಮನೆಯ ಒಲೆ ಮೇಲಿನ ಅಟ್ಟದ ವಾಸನೆ, ನನಗೆ ಯಾದಗಿರಿಯ ಅಜ್ಜಿ ಮನೆ ನೆನಪಾಗುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ ಸೇಂಟ್ ಜೇಮ್ಸ್ ಅನ್ನುವ ಒಂದೇ ಒಂದು ಪ್ರದೇಶದ ಹೆಸರಿಗೆ ಅಂಟಿಕೊಂಡ ಪೆರೀಕ್ ಇದೆ, ಪೀಪಾಯಿಯಲ್ಲಿ ಅದುಮಿ ತನ್ನ ರಸದಲ್ಲೇ ಹುಳಿಯಿಸಿದ್ದು, ಒಣ ದ್ರಾಕ್ಷಿ ಮತ್ತು ಮೆಣಸು ಸೇರಿದ ಹಾಗಿರುತ್ತದೆ. ಇಷ್ಟು ದೂರ ದೂರದ ಎಲೆಗಳನ್ನು ಒಂದೇ ಬಟ್ಟಲಲ್ಲಿ ಬೆರೆಸುವ ಆಟ ಪೈಪಿನದು. ಸಿಗಾರ್‌ನಲ್ಲೂ ಬೆರಕೆ ಇದೆ, ಆದರೆ ಒಂದೇ ಮನೆತನದೊಳಗೆ: ಮಣ್ಣು, ಕಾಫಿ, ಚರ್ಮ, ಮೆಣಸು. ಅಗಲ ಕಡಿಮೆ, ಆಳ ಜಾಸ್ತಿ. ನನ್ನನ್ನು ಕೇಳಿದರೆ, ಹಚ್ಚದೇ ಮೂಸಲು ಪೈಪ್ ತಂಬಾಕಿಗೆ ಸಾಟಿ ಇಲ್ಲ, ಹಚ್ಚಿದ ಮೇಲೆ ಎಲೆ ತಾನು ಯಾರು ಅಂತ ನೇರವಾಗಿ ಹೇಳುವುದು ಸಿಗಾರ್.

ನಾಲಿಗೆ ಉರಿದದ್ದು ಯಾಕೆ ಅಂದರೆ, ಇಂಥ ಪೊಟ್ಟಣಗಳು ಒಣಗದಿರಲಿ ಅಂತ ಪ್ರೊಪಿಲೀನ್ ಗ್ಲೈಕಾಲ್ ಹಾಕಿರುತ್ತಾರೆ. ಒದ್ದೆ ತಂಬಾಕು ಆರಿ ಆರಿ ಹೋಗುತ್ತದೆ, ನೀವು ಜೋರಾಗಿ ಎಳೆಯುತ್ತೀರಿ, ಸಕ್ಕರೆ ಮತ್ತು ಆವಿ ಸೇರಿ ನಾಲಿಗೆ ಬೇಯುತ್ತದೆ. ತಂಬಾಕನ್ನು ಕಾಗದದ ಮೇಲೆ ಹರಡಿ ಅರ್ಧ ಗಂಟೆ ಬಿಟ್ಟರೆ, ನಮ್ಮ ಬೇಸಿಗೆಯಲ್ಲಿ ಹತ್ತು ನಿಮಿಷ ಸಾಕು, ಉರಿ ಬಹಳ ಕಡಿಮೆಯಾಗುತ್ತದೆ. ಆದರೆ ಇದು ಉರಿಗೆ ಮದ್ದು, ಹೊಗೆಗಲ್ಲ.

ಈಗ ಆ ವಾಂತಿ. ಸಿಗರೇಟ್ ಒಂದರಲ್ಲಿ ಒಂದು ಗ್ರಾಂಗಿಂತ ಕಡಿಮೆ ತಂಬಾಕು. ದೊಡ್ಡ ಸಿಗಾರ್ ಒಂದರಲ್ಲಿ 5ರಿಂದ 20 ಗ್ರಾಂವರೆಗೂ ಇರುತ್ತದೆ, ಕೆಲವೊಂದು ಒಂದಿಡೀ ಪ್ಯಾಕ್‌ಗೆ ಸಮ. ಹೊಗೆ ಕ್ಷಾರ ಅಂತ ಆಗಲೇ ಹೇಳಿದೆ, ಅಂದರೆ ನೀವು ಎಳೆಯದಿದ್ದರೂ ಅಂಗೈಯಲ್ಲಿ ಸುಣ್ಣ ತಿಕ್ಕಿದವನ ಹಾಗೆ ಬಾಯಿಯಿಂದಲೇ ನಿಕೋಟಿನ್ ಹೀರುತ್ತಾ ಕೂತಿದ್ದಿರಿ. ಸಿಗಾರ್ ಸುಡುತ್ತಾ ಹೋದ ಹಾಗೆ ಮೊದಲ ಅರ್ಧದ ಟಾರು, ನಿಕೋಟಿನ್ ಹಿಂದಿನ ಅರ್ಧದಲ್ಲಿ ಹೋಗಿ ಕೂರುತ್ತವೆ, ಕ್ಷಾರವೂ ಏರುತ್ತದೆ, ಹಾಗಾಗಿ ಕೊನೆಗೆ ಕಹಿ. ಮೇ ತಿಂಗಳ ನಮ್ಮ ಗಾಳಿಗೆ ಒಣಗಿದ ಸಿಗಾರ್ ಸೌದೆಯ ಥರ ಉರಿಯುತ್ತದೆ, ನೀವು ಕಲಬುರಗಿಗಿಂತ ಸ್ವಲ್ಪ ತಂಪಿನ ಬೀದರ್‌ನಲ್ಲಿದ್ದರೂ ಅಷ್ಟೇ. ಹೊಟ್ಟೆ ಬೇರೆ ಖಾಲಿ. ಇಷ್ಟೂ ಸೇರಿದರೆ ಯಾರಿಗಾದರೂ ಮಾಳಿಗೆ ತಿರುಗುತ್ತದೆ. ಅದು ಅಲರ್ಜಿ ಅಲ್ಲ, ಬ್ರಾಂಡಿನ ದೋಷವೂ ಅಲ್ಲ, ನಿಕೋಟಿನ್ ಜಾಸ್ತಿಯಾದದ್ದು. ಅಂಥ ಹೊತ್ತಲ್ಲಿ ಪಕ್ಕಕ್ಕಿಟ್ಟು, ಗಾಳಿಗೆ ಕೂತು, ಗುಟುಕು ಗುಟುಕು ನೀರು ಕುಡಿಯಬೇಕು. ಎದೆನೋವು ಬಂದರೆ ಅಥವಾ ಎದೆಬಡಿತ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು.

"ಎಳೆಯದಿದ್ದರೆ ಏನೂ ಆಗಲ್ಲ" ಅನ್ನುವ ಗೆಳೆಯನಿಗೆ ಇಷ್ಟು ಹೇಳಿ. ಹೊಗೆ ಒಳಗೆ ಎಳೆಯದ ಸಿಗಾರ್, ಪೈಪ್ ಸೇದುವವರಿಗೆ ಶ್ವಾಸಕೋಶದ ಅಪಾಯ ಸಿಗರೇಟಿನವರಿಗಿಂತ ಕಡಿಮೆ ಇರುತ್ತದೆ, ಇದು ನಿಜ. ಆದರೆ ಸೇದದವರಿಗಿಂತ ಜಾಸ್ತಿಯೇ. ಬಾಯಿ, ನಾಲಿಗೆ, ಗಂಟಲು, ಅನ್ನನಾಳಕ್ಕೆ ಆ ರಿಯಾಯಿತಿಯೂ ಇಲ್ಲ, ಹೊಗೆ ನಿಲ್ಲುವುದು ಅಲ್ಲೇ ತಾನೇ? ಆಂಧ್ರದ ಕರಾವಳಿಯ ಹಳ್ಳಿಗಳಲ್ಲಿ ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ಚುಟ್ಟಾ ಸೇದುವ ಮುದುಕಿಯರನ್ನು ನಾನು ನೋಡಿದ್ದೇನೆ. ಅಲ್ಲಿ ಅಂಗುಳಿನ ಕ್ಯಾನ್ಸರ್ ಜಾಸ್ತಿ ಅನ್ನುವುದು ವೈದ್ಯಕೀಯದಲ್ಲಿ ಹಳೆಯ ವಿಷಯ.

ನನ್ನದೂ ಒಂದು ಇದೆ. ದಿನಕ್ಕೊಂದು ಸಣ್ಣ ಸಿಗಾರ್ ನನಗೆ ಅಭ್ಯಾಸವಾಗಿತ್ತು, ಕೆಲಸದ ನೆಪ. ಹಲ್ಲು ತೋರಿಸಲು ಹೋದಾಗ ಒಳಗೆನ್ನೆಯಲ್ಲಿ ಕಡಲೆಬೇಳೆ ಗಾತ್ರದ ಬಿಳಿ ಮಚ್ಚೆ ಕಂಡಿತು. ನೋವಿಲ್ಲ, ಒರೆಸಿದರೆ ಹೋಗಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಏನೂ ಇಲ್ಲ ಅಂತ ಬಂತು, ಆದರೆ ವರದಿ ಬರುವ ತನಕ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಕಟಕ ರೊಟ್ಟಿ ಅಗಿಯುವಾಗಲೆಲ್ಲ ನಾಲಿಗೆ ಆ ಜಾಗಕ್ಕೇ ಹೋಗುತ್ತಿತ್ತು. ಅವತ್ತಿನಿಂದ ಹಚ್ಚಿಲ್ಲ. ಮಚ್ಚೆ ಕೆಲವು ತಿಂಗಳಲ್ಲಿ ಹೋಯಿತು.

ಗುಡಗುಡಿಯ ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ತಣ್ಣಗಾದ ಹೊಗೆ ಗಂಟಲಿಗೆ ಚುಚ್ಚದ್ದರಿಂದ ಇನ್ನೂ ಆಳಕ್ಕೆ ಎಳೆಯುತ್ತೇವೆ. ಮೇಲಿನ ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್ ಬೇರೆ ಜೊತೆಗೆ ಬರುತ್ತದೆ. ಅಜ್ಜನ ಕಾಲದ ಗುಡಗುಡಿ ತಂಬಾಕಿಗೆ ಬೆಲ್ಲ ಕಲಸುತ್ತಿದ್ದರು, ಮತ್ತೆ ಅದೇ ಸಕ್ಕರೆ ನೋಡಿ.

ಸರಿ, ಯಾವುದನ್ನು ಇಟ್ಟುಕೊಳ್ಳಬೇಕು? ಸಿಗರೇಟ್ ಬಿಟ್ಟವರು ಅಂತ ಬರೆದಿದ್ದೀರಿ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಒಂದು ಸಾಲು. ಸಿಗರೇಟ್ ಸೇದಿ ಬಿಟ್ಟವರು ಸಿಗಾರ್ ಹಿಡಿದರೆ ಗೊತ್ತಿಲ್ಲದೆ ಒಳಗೆ ಎಳೆಯುವುದು ಜಾಸ್ತಿ, ಹಳೆಯ ಶ್ವಾಸ ಹಳೆಯ ದಾರಿ ಹಿಡಿಯುತ್ತದೆ. ಪೈಪ್‌ನಲ್ಲಿ ಒಂದು ಸಲಕ್ಕೆ ಸುಡುವ ತಂಬಾಕು ಕಡಿಮೆ, ಸುಮಾರು ಎರಡು ಗ್ರಾಂ, ಆದರೆ ಅದು ಚಾಳಿಯ ವಸ್ತು: ತುಂಬುವುದು, ಒತ್ತುವುದು, ಕೆರೆಯುವುದು, ಕೈಗೆ ಕೆಲಸ ಸಿಕ್ಕ ಕೂಡಲೇ ದಿನಕ್ಕೆ ಮೂರು ಬಟ್ಟಲಾಗುತ್ತದೆ. ಸಿಗಾರ್ ವರ್ಷಕ್ಕೊಂದು ಅಂತ ಉಳಿಯುವವರು ಇದ್ದಾರೆ, ಒಮ್ಮೆಗೆ ಬೀಳುವ ಪೆಟ್ಟು ಮಾತ್ರ ನೀವೇ ನೋಡಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನ್ನೂ ಹಚ್ಚುತ್ತಿರಲಿಲ್ಲ, ಮೂಸುತ್ತಿದ್ದೆ. ತಮಾಷೆ ಅಲ್ಲ, ಗ್ರೇಡರ್‌ಗಳು ದಿನಕ್ಕೆ ನೂರಾರು ಬೇಲ್‌ಗಳ ಭವಿಷ್ಯ ಹೇಳುವುದು ಒಂದನ್ನೂ ಹಚ್ಚದೆ. ಸಿಗಾರಿನ ಕಾಲಿಗೆ, ಅಂದರೆ ಬೆಂಕಿ ಹಚ್ಚುವ ತುದಿಗೆ, ಮೂಗಿಟ್ಟರೆ ಕೊಟ್ಟಿಗೆ, ಕೋಕೋ, ಒಣ ಮಣ್ಣು ಎಲ್ಲ ಅಲ್ಲೇ ಇದೆ. ನಾಳೆ ದಿನ ದಿನವೂ ಬೇಕು ಅನ್ನಿಸತೊಡಗಿದರೆ ತಂಬಾಕು ಪ್ಯಾಕೆಟ್ ಮೇಲೆ ಅಚ್ಚಾಗಿರುವ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೇಡ.

ಉಳಿದ ಒಂಬತ್ತು ಸಿಗಾರ್ ಭಾವನಿಗೇ ವಾಪಸ್ ಕೊಡುವ ತನಕ ಹಾಳಾಗಬಾರದು ಅಂದರೆ, ನೀರು ಮಾತ್ರ ಚಿಮುಕಿಸಬೇಡಿ. ಹೊರ ಎಲೆ ಉಬ್ಬಿ ಸೀಳುತ್ತದೆ, ಇಲ್ಲವೇ ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ 65 ಶೇಕಡಾ ತೇವ ಕಾಯುವ ಪುಟ್ಟ ಪೊಟ್ಟಣ ಒಂದು, ಮನೆಯ ತಂಪು ಮೂಲೆ, ಸಾಕು. ಶಾಖಕ್ಕೆ ಒಳಗಿನ ಹುಳದ ಮೊಟ್ಟೆ ಒಡೆಯುತ್ತವೆ. ಅರಿಶಿನ ಕೊಂಬಿನಲ್ಲಿ, ಒಣ ಮೆಣಸಿನಕಾಯಿಯಲ್ಲಿ ಬೀಳುವ ಅದೇ ಕಂದು ಹುಳ. ಒಂದು ಮೇ ತಿಂಗಳಲ್ಲಿ ನಾನು ಮದುವೆಗೆ ಹೋಗಿ ಬರುವಷ್ಟರಲ್ಲಿ ಟ್ರಂಕಿನಲ್ಲಿದ್ದ ಎಂಟು ಸಿಗಾರ್ ಕೊಳಲಾಗಿದ್ದವು. ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೂರ್ನಾಲ್ಕು ದಿನ ಫ್ರೀಜರ್‌ನಲ್ಲಿ, ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟು ಹೊರತೆಗೆದರೆ ಆ ಕಾಟ ಇಲ್ಲ.

ಮತ್ತೆ ಆ ಬಿದ್ರಿ ಗುಡಗುಡಿ. ಹೊಳಪು ಬರಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಮಾರಾಯರೆ, ಬೀದರ್ ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪು ಎದ್ದು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಬೆಳ್ಳಿ ಬಳ್ಳಿ ಕಪ್ಪಿನ ಮೇಲೆ ಹೇಗೆ ಎದ್ದು ಕಾಣುತ್ತದೆ ನೋಡಿ.